ಬಿಡಬೇಡ ಅಂದರೆ ಬಿಡದ ಗಿಡ್ಡಪ್ಪ

ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಆ ಹೆಪ್ಪಿನ ಹನಿಯೊಳಗೆ ಲೆಕ್ಕವಿಲ್ಲದಷ್ಟು ಜೀವಕೋಶ. ಕಣ್ಣಿಗೆ ಕಾಣಲ್ಲ ಅಂತ ಇಲ್ಲ ಅನ್ನಬೇಡಿ! ಅಂಥದ್ದೊಂದು ಕೋಶವೇ ಚೆನ್ನವ್ವನ ಮನೆ. ಅವಳೂ ಪ್ರೋಟೀನು, ಮಗ ಗಿಡ್ಡಪ್ಪನೂ ಪ್ರೋಟೀನು. ಮಗನೋ, ಶುದ್ಧ ಪೆದ್ದ.

ಅವತ್ತು ಮನೆ, ಅಂದ್ರೆ ಆ ಕೋಶ, ಒಡೆದು ಎರಡಾಗಬೇಕಿತ್ತು. ಗಿಡ್ಡಪ್ಪನಂಥ ಬಳೆ ಕಟ್ಟೋ ಪ್ರೋಟೀನುಗಳೆಲ್ಲ ಕೈಕೈ ಹಿಡಿದು ಮನೆಯ ನಡುವಿಗೆ ಬಳೆಯ ಹಾಗೆ ಸುತ್ತಿ ಬಿಗಿಯಬೇಕು. ಕೆಲಸಕ್ಕೆ ಬಾರದವನನ್ನ ಕತ್ತರಿಯಣ್ಣ ಅನ್ನೋ ಇನ್ನೊಬ್ಬ ಪ್ರೋಟೀನು ಚೂರುಚೂರು ಮಾಡ್ತಾನೆ. ಅದು ಆ ಮನೆಯ ಕಾನೂನು. ನನಗಿರೋನು ಇವನೊಬ್ಬನೇ ಅಂತ ಚೆನ್ನವ್ವ ಮಗನನ್ನ ಮುಂದಕ್ಕೆ ತಳ್ಳಿದಳು.

"ಹೋಗಪ್ಪಾ, ಸಿಕ್ಕಿದವರ ಕೈ ಹಿಡಿ!" ಅಂದಳು.

ಹೋದ. ಸಿಕ್ಕಿದ್ದು ಮನೆಯೊಳಕ್ಕೆ ಸಕ್ಕರೆ ಹೊತ್ತು ತರೋನು. ಹಿಡಿದ! ಮನೆಮಂದಿಗೆಲ್ಲ ಊಟ ನಿಂತುಹೋಯ್ತು.

"ಅಯ್ಯೋ ಮಂಕೇ! ಬಳೆ ಕಟ್ಟೋರನ್ನ ಹಿಡಿಯೋ!"

"ಹಂಗಂತ ಮೊದಲೇ ಹೇಳಬಾರ್ದಾ ಅವ್ವಾ?"

ಹೋದ. ಬಳೆ ಕಟ್ಟೋರು ಮೂಲೆಯಲ್ಲಿ ಹರಟ್ತಾ ಕೂತಿದ್ರು. ಅಲ್ಲೇ ಹಿಡಿದ! ಅಲ್ಲೇ ಬಿಗಿದ್ರು! ಮನೆಯ ತುದಿ ಗುಳ್ಳೆ ಥರ ಪುಳಕ್ಕನೆ ಕಳಚಿಹೋಯ್ತು. ಆ ಗುಳ್ಳೆಯೊಳಗೆ ನೋಡಿದ್ರೆ ಏನೂ ಇಲ್ಲ!

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮೂಲೆಯಲ್ಲಲ್ಲ, ನಡುವೆ!"

ಹೋದ. ನಟ್ಟನಡುವೆ ವಂಶದ ದಾರ ಸುರುಳಿ ಬಿದ್ದಿತ್ತು. ಮನೆ ಹೇಗೆ ನಡೀಬೇಕು ಅನ್ನೋದೆಲ್ಲ ಇರೋದು ಅದರಲ್ಲೇ. ಗಿಡ್ಡಪ್ಪ ಅದರ ಮೇಲೇ ಹತ್ತಿ ನಿಂತ. "ಎಲ್ರೂ ಬನ್ರೋ, ಬಿಗೀರೋ!" ಇನ್ನೊಂದು ಚೂರು ಬಿಗಿದಿದ್ರೆ ದಾರ ತುಂಡು, ಮನೆ ಮಣ್ಣುಪಾಲು!

ಕತ್ತರಿಯಣ್ಣ ಎದ್ದು ಬಂದು ಎಲ್ಲರ ಕೈ ಬಿಡಿಸಿದ. "ಚೆನ್ನವ್ವಾ, ಇನ್ನೊಂದೇ ಸಲ. ಆಮೇಲೆ ನನ್ನನ್ನ ಬೈಬೇಡ."

ಚೆನ್ನವ್ವ ಅತ್ತುಬಿಟ್ಟಳು. "ಮಗನೇ, ದಾರ ಎರಡಾಗಿ ಆಚೀಚೆ ಸರಿಯೋತನಕ ಕಾಯಿ. ಆಮೇಲೆ ನಡುವಲ್ಲಿ ಗೋಡೆಗೆ ಅಂಟಿಕೊಂಡು ಬಳೆ ಕಟ್ಟೋರ ಕೈ ಹಿಡಿ. ಏನೇ ಆಗಲಿ, ಯಾರೇ ಹೇಳಲಿ, ಬಿಡಬೇಡ!"

ಹೋದ. ಕಾದ. ದಾರ ಎರಡಾಯ್ತು, ಸರೀತು. ಅಂಟಿದ. ಹಿಡಿದ. ಅವನ ಕೈಗೆ ಒಬ್ಬ, ಆ ಒಬ್ಬನ ಕೈಗೆ ಇನ್ನೊಬ್ಬ, ಸುತ್ತಿ ಬಂತು ನೋಡಿ ಬಳೆ! ಬಿಗಿದಷ್ಟೂ ಕೈ ಜಾರೋವು. ಅವನು ಬಿಟ್ಟ, ಇವನು ಬಿಟ್ಟ, ಗಿಡ್ಡಪ್ಪ ಬಿಡಲಿಲ್ಲ! ಬಿಟ್ಟವರೂ ನಾಚಿಕೊಂಡು ಬಂದು ಅವನನ್ನೇ ಹಿಡಿದ್ರು. ಬಿಗಿ, ಬಿಗಿ, ಬಿಗಿ... ಮನೆ ಎರಡಾಯ್ತು!

"ಗೆದ್ದ ಕಣ್ರೋ ನನ್ನ ಮಗ!" ಚೆನ್ನವ್ವ ಕುಣಿದೇ ಕುಣಿದಳು. ಕತ್ತರಿಯಣ್ಣ ಕತ್ತರಿ ಮುಚ್ಚಿಟ್ಟು "ಭಲೇ!" ಅಂದ.

"ಆಯ್ತು ಮಗನೇ, ಬಿಟ್ಟು ಮನೆಗೆ ಬಾ!"

"ಯಾರೇ ಹೇಳಲಿ ಬಿಡಬೇಡ ಅಂದಿದ್ದೀಯಲ್ಲವ್ವಾ!"

ಬಂದ. ಬಿಡದೇ ಬಂದ. ಹೊಸ ಮನೆಯನ್ನ ದರದರ ಎಳಕೊಂಡೇ ಬಂದ! ಅವನನ್ನ ನೋಡಿ ಹೆಪ್ಪಿನ ಮನೆಗಳೆಲ್ಲ ಹಂಗೇ ಒಂದಕ್ಕೊಂದು ಜೋತುಬಿದ್ದು ಸರ ಕಟ್ಟಿದ್ವು. ಆ ಸರಗಳ ಹಿಡಿತಕ್ಕೆ ಹಾಲು ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿತು ಅಂದ್ರೆ, ಸಂಜೆ ಮಡಕೆ ಬೋರಲು ಹಾಕಿದ್ರೂ ಮೊಸರು ಬೀಳಲಿಲ್ಲ!