ಗವಿಯಪ್ಪನ ಕೈಯಲ್ಲಿ ಹತ್ತು ಟ್ಯಾಬು

ಹುಣಸೇಪಾಳ್ಯ ಅಂತ ಒಂದೂರು. ಆ ಊರಿನ ಸ್ಕೂಲಲ್ಲಿ ಬಿಸಿಯೂಟ ಮಾಡೋಳು ದೊಡ್ಡತಾಯಮ್ಮ. ಅವಳಿಗೆ ಒಬ್ಬನೇ ಮಗ, ಗವಿಯಪ್ಪ. ವಯಸ್ಸು ಮೂವತ್ತು, ಎತ್ತರ ಆರಡಿ, ಬುದ್ಧಿ ಮಾತ್ರ ಎಲ್ಲೋ ದಾರೀಲಿ ಹಿಂದೆ ಉಳಿದುಬಿಟ್ಟಿತ್ತು. ಮಾತು ಕೇಳದ ಮಗ ಅಂತೀರಾ? ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಕಷ್ಟ. "ಒಲೆ ಮೇಲೆ ಹಾಲಿಟ್ಟಿದ್ದೀನಿ, ನೋಡ್ತಿರ್ಲಾ" ಅಂದರೆ, ಹಾಲು ಉಕ್ಕಿ, ಚೆಲ್ಲಿ, ತಳ ಹತ್ತೋವರೆಗೂ ರೆಪ್ಪೆ ಮಿಟುಕಿಸದೆ ನೋಡ್ತಾ ಕೂತಿರೋನು.

"ನಾನು ಕಣ್ಮುಚ್ಚಿದ್ರೆ ಇವನ ಗತಿ ಏನಪ್ಪ ಸಿವನೇ!" ಅಂತ ದೊಡ್ಡತಾಯಮ್ಮ ದಿನಾ ಹಣೆ ಚಚ್ಚಿಕೊಳ್ಳೋಳು.

ಹೀಗಿರುವಾಗ ಸ್ಕೂಲಿಗೆ ಹತ್ತು ಟ್ಯಾಬು ಬಂದವು. ಸ್ಲೇಟಿನಷ್ಟು ಅಗಲ. ಬೆರಳಲ್ಲಿ ಮುಟ್ಟಿದರೆ ಪಾಠ ಹೇಳುತ್ತೆ, ಲೆಕ್ಕ ಕೇಳುತ್ತೆ, ತಪ್ಪಿದರೆ ಇನ್ನೊಂದು ಸಲ ಕೇಳುತ್ತೆ, ಬೈಯೋದೇ ಇಲ್ಲ. ಜೊತೆಗೆ ಒಂದು ಕಾಗದವೂ ಬಂತು. ಮೂರು ತಿಂಗಳಿಗೆ ಶಿಕ್ಷಣ ಇಲಾಖೆ ಸಾಹೇಬರು ಬಂದು ನೋಡ್ತಾರೆ. ಮೇಷ್ಟ್ರೂ ಮಕ್ಕಳೂ ಬಳಸ್ತಿದ್ದರೆ ಟ್ಯಾಬು ಇಲ್ಲೇ ಇರುತ್ತೆ, ಬೀರುವಲ್ಲೇ ಕೂತಿದ್ದರೆ ಬೇರೆ ಊರಿಗೆ ಹೋಗುತ್ತೆ.

ಆ ಟ್ಯಾಬು ಕಾಯೋಕೆ ಗವಿಯಪ್ಪನನ್ನ ಇಟ್ಟುಕೊಂಡರು. ಟ್ಯಾಬು ಇದ್ದರೆ ಗವಿಗೆ ಕೆಲಸ, ಟ್ಯಾಬು ಹೋದರೆ ಗವಿ ಮನೆಗೆ. ಮಗನಿಗೆ ಹುಟ್ಟಿದಾಗಿನಿಂದ ಸಿಕ್ಕಿದ ಮೊದಲ ಕೆಲಸ! ದೊಡ್ಡತಾಯಮ್ಮ ಬೆಳಿಗ್ಗೆ ಒಲೆ ಹಚ್ಚೋ ಮುಂಚೆ ಟ್ಯಾಬು ಇಟ್ಟಿದ್ದ ಬೀರುವಿಗೆ ಕೈಮುಗಿಯೋಳು.

ಸ್ಕೂಲಿಗೆ ಒಬ್ಬರೇ ಮೇಷ್ಟ್ರು, ಶಿವನಂಜಯ್ಯ. ಒಳ್ಳೆಯವರು. ಆದರೆ ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಕೈ, ಟ್ಯಾಬು ಕಂಡರೆ ಹಿಂದಕ್ಕೆ ಸರಿಯೋದು. ಆಯುಧಪೂಜೆ ದಿನ ಟ್ಯಾಬಿನ ಹತ್ತೂ ಪೆಟ್ಟಿಗೆಗೆ ಕುಂಕುಮ ಇಟ್ಟು, ಬೀರುವಿನೊಳಗೆ ಸೇರಿಸಿ ಬೀಗ ಜಡಿದು, ಕೀ ಗವಿಯಪ್ಪನ ಕೈಗೆ ಕೊಟ್ಟರು.

"ಯಾರು ಕೇಳಿದ್ರೂ ತೆಗೀಬೇಡ ಕಣಯ್ಯ. ನಾನೇ ಬಂದು ಕಾಲಿಗೆ ಬಿದ್ರೂ ತೆಗೀಬೇಡ!"

"ಆಗ್ಲಿ ಸಾ."

ವಾರಕ್ಕೆ ಸರಿಯಾಗಿ ಮೇಷ್ಟ್ರಿಗೆ ಟ್ಯಾಬು ಕಲಿಸೋಕೆ ಒಬ್ಬರು ಮೇಡಂ ಎರಡು ಬಸ್ಸು ಬದಲಿಸಿ ಬಂದರು. ಮೇಷ್ಟ್ರು ಅಳುಕುತ್ತಲೇ ಕರೆದರು, "ಗವಿ, ಬೀಗ ತೆಗಿ."

"ತೆಗಿಯಲ್ಲ ಸಾ."

"ಅಯ್ಯೋ, ನಾನು ಕಣಯ್ಯ!"

"ನೀವು ಅಂತ ಗೊತ್ತು ಸಾ. ಕಾಲಿಗೆ ಬಿದ್ರೂ ತೆಗಿಯಲ್ಲ. ನೀವಿನ್ನೂ ಬಿದ್ದೇ ಇಲ್ಲ."

ಮೇಡಂ ನಕ್ಕರು, ಕಾದರು, ಬಿಸಿಯೂಟ ಉಂಡರು, ಬಂದ ದಾರೀಲೇ ಹೋದರು. ಮೇಷ್ಟ್ರಿಗೆ ಒಳಗೊಳಗೇ ಖುಷಿಯೋ ಖುಷಿ. ದೊಡ್ಡತಾಯಮ್ಮ ಮಾತ್ರ ಸೌಟು ಹಿಡಿದುಕೊಂಡೇ ಬಂದಳು.

"ಅಯ್ಯೋ ಮಂಕೇ! ಕಲಿಸೋಕೆ ಬಂದೋರ್ನ ಬರಿಗೈಲಿ ಕಳಿಸ್ತಾರೇನ್ಲಾ? ಬಾಗಿಲಿಗೆ ಬಂದೋರು ಯಾರೇ ಆಗ್ಲಿ, ಕೈಗೆ ಕೊಟ್ಟು ಕಳಿಸ್ಬೇಕು ಕಣ್ಲಾ!"

"ಆಗ್ಲಿ ಕಣವ್ವ."

ಮಾರನೇ ದಿನ ನೆರಳಿಗೆ ಅಂತ ಬಳೆಗಾರ್ತಿ ಬಂದಳು. ಗವಿ ಬೀಗ ತೆಗೆದ, ಎಲೆ ಅಡಿಕೆ ಜೊತೆ ಒಂದು ಟ್ಯಾಬು ಕೊಟ್ಟ. ಕುರಿ ಕಾಯೋ ತಾತ ಬೀಡಿಗೆ ಬೆಂಕಿ ಕೇಳೋಕೆ ಬಂದ. "ಬರಿಗೈಲಿ ಹೋಗ್ಬೇಡ ತಾತ." ಅವನಿಗೂ ಒಂದು. ಹಾಲಿನ ವ್ಯಾನಿನವನು ದಾರಿ ಕೇಳಿದ. ಅವನಿಗೆ ಎರಡು! ಮಧ್ಯಾಹ್ನದ ಹೊತ್ತಿಗೆ ಬೀರು ಗುಡಿಸಿದಂತಾಯ್ತು.

ದೊಡ್ಡತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಊರೆಲ್ಲ ಓಡಿದಳು. ಬಳೆಗಾರ್ತಿ ಟ್ಯಾಬಿನ ಮೇಲೆ ಬಳೆ ಜೋಡಿಸಿದ್ದಳು. ತಾತ ಬಿಸಿಲಿಗೆ ತಲೆ ಮೇಲೆ ಇಟ್ಟುಕೊಂಡಿದ್ದ. ಹತ್ತೂ ಬಿಡಿಸಿಕೊಂಡು ಬರೋ ಹೊತ್ತಿಗೆ ಅವಳ ಉಸಿರೇ ನಿಂತಂತಾಗಿತ್ತು.

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ಯೇನ್ಲಾ! ಬಿಸಿಯೂಟಕ್ಕೆ ನಾನೇನ್ಲಾ ಮಾಡ್ತೀನಿ? ಮಕ್ಕಳನ್ನ ಸಾಲಾಗಿ ಕೂರಿಸ್ತೀನಿ, ಮುಂದಕ್ಕೆ ಕೊಡ್ತೀನಿ, ಪೂರ್ತಿ ಮುಗಿಸೋವರ್ಗೂ ಏಳೋಕೆ ಬಿಡಲ್ಲ. ಪಂಕ್ತೀಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ. ಎಲ್ಲಾರೂ ಮುಗಿಸ್ಬೇಕು, ತೊಳೆದು ಜೋಡಿಸ್ಬೇಕು. ಹಂಗೆ ಮಾಡ್ಲಾ!"

"ಆಗ್ಲಿ ಕಣವ್ವ."

ಆಗ ಮತದಾರರ ಪಟ್ಟಿ ಕೆಲಸ ನಡೀತಿತ್ತು. ಊಟ ಆಗುತ್ತಲೂ ಮೇಷ್ಟ್ರು ಪಟ್ಟಿ ಹಿಡಿದು ಮನೆಮನೆ ತಿರುಗೋಕೆ ಹೋಗೋರು. ಗವಿ ಮಕ್ಕಳನ್ನ ಸಾಲಾಗಿ ಕೂರಿಸಿದ. ಇಬ್ಬಿಬ್ಬರಿಗೆ ಒಂದರಂತೆ ಟ್ಯಾಬು ಕೊಟ್ಟ. "ಮುಗಿಸೋವರ್ಗೂ ಏಳಂಗಿಲ್ಲ!" ಅಂತ ಬಾಗಿಲಿಗೆ ಅಡ್ಡ ನಿಂತ. ಮಕ್ಕಳು ಆ ಕಡೆ ಒತ್ತಿದರು, ಈ ಕಡೆ ಒತ್ತಿದರು, ತಾವೇ ದಾರಿ ಹುಡುಕಿದರು. ಊಟ ಆದ ತಕ್ಷಣ ಮನೆಗೆ ಓಡ್ತಿದ್ದ ಮಕ್ಕಳು ಅಲುಗಾಡಲಿಲ್ಲ. ಭಾಗಾಕಾರ ಅಂದರೆ ಅಳ್ತಿದ್ದ ಚಂದ್ರಿ, ನಾಲ್ಕನೇ ಕ್ಲಾಸಿನೋಳು, "ಸರಿಯಾಯ್ತು! ಸರಿಯಾಯ್ತು!" ಅಂತ ಕೂಗಿಕೊಂಡಳು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದ ದೊಡ್ಡತಾಯಮ್ಮನಿಗೆ ಎದೆ ತುಂಬಿ ಬಂತು. ಮಗ ಇವತ್ತು ಸರಿಯಾಗಿ ಮಾಡಿದ ಅಂದುಕೊಂಡಳು.

ಅಂದುಕೊಂಡಿದ್ದೇ ತಡ, ಗವಿ ಒಂದು ಟ್ಯಾಬು ಎತ್ತಿಕೊಂಡು ನಲ್ಲಿ ಹತ್ತಿರ ಹೋಗಿ, ಬೂದಿ ಹಾಕಿ ತಿಕ್ಕೋಕೆ ಶುರು ಮಾಡಿದ. ಆ ನಲ್ಲಿ ಬೇರೆ ಸಡಿಲ, ತಿರುಗಿಸಿದರೆ ಪಿಚಕಾರಿ ಹೊಡೆದ ಹಾಗೆ ಹಾರೋದು.

"ಅಯ್ಯಯ್ಯಪ್ಪ! ಕೆಡಿಸಿಬಿಟ್ಯಲ್ಲೋ!"

ಕಿತ್ಕೊಂಡು, ಒರೆಸಿ, ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟಳು. ಅಕ್ಕಿ ನೀರು ಹೀರುತ್ತೆ ಅಂತ ಯಾರೋ ಹೇಳಿದ್ದು ಅವಳಿಗೆ ನೆನಪಿತ್ತು. ಎರಡು ದಿನ ಬಿಟ್ಟು ತೆಗೆದು ಚಾರ್ಜಿಗೆ ಹಾಕಿದರೆ, ಪುಣ್ಯಕ್ಕೆ ಟ್ಯಾಬು ಕಣ್ಣು ಬಿಡ್ತು!

"ತೊಳೆಯೋದು ಗಿಳೆಯೋದು ಇಲ್ಲ ಕಣ್ಲಾ! ನೀರು ಸೋಕಿದ್ರೆ ತಕ್ಷಣ ಅಕ್ಕೀಲಿ ಹೂತಿಡ್ಬೇಕು. ಆಮೇಲೆ ಚಾರ್ಜಿಗೆ ಹಾಕ್ಬೇಕು. ತಿಳೀತಾ?"

"ತಿಳೀತು ಕಣವ್ವ. ಅಕ್ಕಿ, ಆಮೇಲೆ ಚಾರ್ಜು."

ಅವತ್ತಿನಿಂದ ದಿನಾ ಮಧ್ಯಾಹ್ನ ಮಕ್ಕಳ ಟ್ಯಾಬಿನ ಪಂಕ್ತಿ ನಡೀತು. ಮೇಷ್ಟ್ರಿಗೆ ಮಾತ್ರ ಇದರ ಸುಳಿವೇ ಇಲ್ಲ.

ಮೂರು ತಿಂಗಳಿಗೆ ಸಾಹೇಬರು ಜೀಪಲ್ಲಿ ಬಂದರು. ಬೀರು ತೆಗೆಸಿದರು, ಪೆಟ್ಟಿಗೆ ಮೇಲಿನ ಕುಂಕುಮ ನೋಡಿದರು, ಮುಖ ಗಂಟು ಹಾಕಿದರು.

"ಪೂಜೆಗಾ ಕೊಟ್ಟಿದ್ದು ಮೇಷ್ಟ್ರೇ? ಇವತ್ತೇ ತಗೊಂಡು ಹೋಗ್ತೀನಿ."

ದೊಡ್ಡತಾಯಮ್ಮನ ಕೈಯಿಂದ ಸೌಟು ಬಿತ್ತು. ಮಕ್ಕಳೇನೋ ಬಳಸ್ತಾರೆ, ಮೇಷ್ಟ್ರು ಮುಟ್ಟೇ ಇಲ್ಲವಲ್ಲ! ಮುಗೀತು, ಮಗನ ಕೆಲಸ ಹೋಯ್ತು.

ಸಾಹೇಬರೂ ಮೇಷ್ಟ್ರೂ ಚಾಪೆ ಮೇಲೆ ಕೂತು, ತಗೊಂಡು ಹೋಗೋ ಮುಂಚೆ ಒಂದೊಂದೇ ಟ್ಯಾಬು ಕೈಗೆತ್ತಿಕೊಂಡು ಎಣಿಸೋಕೆ ಶುರು ಮಾಡಿದರು. ಗವಿ ಇಣುಕಿದ. ಇಬ್ಬರು ಸಾಲಾಗಿ ಕೂತಿದ್ದಾರೆ, ಕೈಯಲ್ಲಿ ಟ್ಯಾಬು ಇದೆ. ಹೊರಗಿಂದ ಚಿಲಕ ಹಾಕಿಯೇಬಿಟ್ಟ!

"ಮುಗಿಸೋವರ್ಗೂ ಏಳಂಗಿಲ್ಲ ಸಾ!"

"ಏಯ್! ನಾನು ಯಾರು ಗೊತ್ತೇನೋ?"

"ಪಂಕ್ತೀಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ ಸಾ. ನಮ್ಮವ್ವ ಹೇಳವ್ಳೆ."

ಸಾಹೇಬರು ಕೂಗಿ ಕೂಗಿ ಸುಸ್ತಾದರು. "ಮೇಷ್ಟ್ರೇ, ಬೇಗ ಒಂದು ಪಾಠ ಮುಗಿಸಿ, ಹೊರಗೆ ಹೋಗೋಣ."

ಮೇಷ್ಟ್ರು ತಲೆ ತಗ್ಗಿಸಿದರು. "ನನಗೆ ಇದನ್ನ ಆನ್ ಮಾಡೋಕೂ ಬರಲ್ಲ ಸಾರ್. ಮಕ್ಕಳ ಮುಂದೆ ಬರಲ್ಲ ಅನ್ನೋಕೆ ನಾಚಿಕೆಯಾಗಿ ಬೀಗ ಹಾಕಿಟ್ಟೆ."

ಸಾಹೇಬರು ಮೇಷ್ಟ್ರ ಹತ್ತಿರಕ್ಕೆ ಸರಿದರು. ಆಮೇಲೆ ಮೆಲ್ಲಗೆ ಅಂದರು, "ನನಗೂ ಬರಲ್ಲ ಮೇಷ್ಟ್ರೇ."

"ಪಕ್ಕದ ಗುಂಡಿ ಒತ್ತಿ ಸಾ!" ಕಿಟಕಿಯಿಂದ ಚಂದ್ರಿ ಕೂಗಿದಳು. "ಒತ್ಕೊಂಡೇ ಇರಿ ಸಾ!"

ಟ್ಯಾಬು ಬೆಳಗಿತು. ಕಿಟಕಿ ತುಂಬಾ ಮಕ್ಕಳ ತಲೆ. "ಅದಲ್ಲ ಸಾ, ಹಸಿರು ಬಣ್ಣದ್ದು!" "ನಿಧಾನ ಸಾ, ಜೋರಾಗಿ ಕುಟ್ಟಬೇಡಿ!" ಒಂದು ರೊಟ್ಟೀನ ನಾಲ್ಕು ಜನಕ್ಕೆ ಹಂಚೋ ಲೆಕ್ಕ ಬಂತು. ಸಾಹೇಬರು ತಪ್ಪಿದರು. ಟ್ಯಾಬು ಬೈಯಲಿಲ್ಲ, ಮಕ್ಕಳೂ ನಗಲಿಲ್ಲ. "ಇನ್ನೊಂದ್ಸಲ ಮಾಡಿ ಸಾ, ನಾವೂ ಮೊದಲು ತಪ್ಪಿದ್ವಿ" ಅಂದರು. ಮೇಷ್ಟ್ರ ಬೆರಳು ತಾನಾಗೇ ಮುಂದಕ್ಕೆ ಹೋಯ್ತು. ಒಂದು ಸರಿ, ಎರಡು ಸರಿ, ಮೂರು ಸರಿ!

"ನಮ್ ಮೇಷ್ಟ್ರು ಹತ್ತಕ್ಕೆ ಒಂಬತ್ತು!" ಮಕ್ಕಳು ಕುಣಿದಾಡಿದರು. "ಸಾಹೇಬ್ರು ಏಳು!"

ಮೇಷ್ಟ್ರು ಟ್ಯಾಬು ಎದೆಗೊತ್ತಿಕೊಂಡು ಮಗುವಿನ ಹಾಗೆ ಅತ್ತರು. ಗವಿ ಚಿಲಕ ತೆಗೆದ.

"ಇಷ್ಟು ಚೆನ್ನಾಗಿ ಬಳಸೋ ಮಕ್ಕಳನ್ನ ನಾನೆಲ್ಲೂ ನೋಡಿಲ್ಲ" ಅಂದರು ಸಾಹೇಬರು. "ಮುಖ ತೊಳ್ಕೊಂಡು ಬಂದು ಸಹಿ ಹಾಕ್ತೀನಿ." ಹೋಗಿ ನಲ್ಲಿ ತಿರುಗಿಸಿದರು.

ಪಿಚಕಾರಿ! ತಲೆಯಿಂದ ಕಾಲಿನವರೆಗೆ ತೊಪ್ಪೆಯಾದರು!

"ಅವ್ವಾ! ನೀರು ಸೋಕ್ತು!"

ಯಾರೂ ತಡೆಯೋಕೆ ಆಗಲಿಲ್ಲ. ಆರಡಿ ಗವಿಯಪ್ಪ ಸಾಹೇಬರನ್ನ ಎತ್ತಿಕೊಂಡು ಅಡುಗೆಮನೆಗೆ ಓಡಿ, ಅಕ್ಕಿ ಡ್ರಮ್ಮಿನಲ್ಲಿ ಕೂರಿಸಿ, ಕುತ್ತಿಗೆವರೆಗೂ ಅಕ್ಕಿ ಮುಚ್ಚಿಬಿಟ್ಟ. ದೊಡ್ಡತಾಯಮ್ಮ ಸಾಹೇಬರಿಗೆ ಕೈಮುಗಿದು ನಿಂತಳು.

ಡ್ರಮ್ಮಿನಿಂದ ನಗು ಬಂತು. ಸಣ್ಣಗೆ ಶುರುವಾಗಿ ಅಡುಗೆಮನೆಯೆಲ್ಲ ತುಂಬಿತು. ಅಕ್ಕಿಯೊಳಗಿಂದ ಒಂದು ಕೈ ಮೇಲೆ ಬಂತು.

"ಪೆನ್ನು ಕೊಡಿ!"

ಅಲ್ಲೇ ಕೂತು ಬರೆದರು. ಟ್ಯಾಬು ಈ ಸ್ಕೂಲಲ್ಲೇ ಇರಲಿ, ಇನ್ನೂ ಹತ್ತು ಬರಲಿ, ಕಾಯೋಕೆ ಗವಿಯಪ್ಪನೇ ಇರಲಿ.

ದೊಡ್ಡತಾಯಮ್ಮ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷದಲ್ಲಿ ಮೊದಲ ಸಲ, ಬೈಯೋಕೆ ಬಾಯಿ ಬರಲಿಲ್ಲ. "ನನ್ನಪ್ಪ, ಗೆದ್ದುಬಿಟ್ಯಲ್ಲೋ!" ಅಂತ ಮಗನ ಕಡೆ ತಿರುಗಿದಳು.

ಗವಿ ಅಲ್ಲಿರಲಿಲ್ಲ. ಬೀರು ಹತ್ತಿರ ಹೋಗಿ, ಕೈಯಲ್ಲಿ ಚಾರ್ಜರ್ ವೈರು ಹಿಡಿದು ಓಡೋಡಿ ಬರ್ತಿದ್ದ.

"ಸಾ, ವಸಿ ಬಾಯಿ ತೆಗೀರಿ!"