ಸೊಡರಗುಡ್ಡದ ತಾಯಿಗೆ ಹೆಸರು ಬಂದ ಬಗೆ

ಈ ಬಯಲುಸೀಮೆಯಲ್ಲಿ ಊರುಗಳಿಗಿಂತ ಹುಲ್ಲೇ ಹೆಚ್ಚಾಗಿದ್ದ ಪುರಾತನ ಪುಣ್ಯಯುಗದಲ್ಲಿ, ಸಕಲಶಾಸ್ತ್ರಪಾರಂಗತನೂ ಅತ್ಯಂತ ಮಿತಭಾಷಿಯೂ ಆದ ಮೌನಭಾರ್ಗವನೆಂಬ ಮಹರ್ಷಿಯು ಈ ಗುಡ್ಡದ ಪಡುವಣ ಕಮರಿಯಲ್ಲಿ ಜಗನ್ಮಾತೆಯನ್ನು ಕುರಿತು ದ್ವಾದಶವರ್ಷಪರ್ಯಂತ ಘೋರತಪವನ್ನಾಚರಿಸಿ, ಆಕೆಯನ್ನು ಶಿಲಾರೂಪದಲ್ಲಿ ಪ್ರತಿಷ್ಠಾಪಿಸಿ, ಆಕೆಯ ನಾಮಧೇಯವನ್ನು ಮಾತ್ರ ಯಾರೊಬ್ಬರಿಗೂ ಉಪದೇಶಿಸದೆ ಬ್ರಹ್ಮೈಕ್ಯನಾದನು. ಹನ್ನೆರಡು ವರ್ಷ ಕೂತಿದ್ದವನಿಗೆ ಹೋಗುವ ಮುನ್ನ ಒಂದು ಮಾತು ಹೇಳಲು ಪುರುಸೊತ್ತಾಗಲಿಲ್ಲ. ದೊಡ್ಡವರ ವಿಷಯ, ನಾವೇನೂ ಅನ್ನುವಂತಿಲ್ಲ. ಅಂತೂ ದನಗಾಹಿಗಳು ಹೋಗುತ್ತ ಬರುತ್ತ ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರೇ ಹೊರತು, ಹೆಸರು ಹಿಡಿದು ಬೇಡಿಕೊಳ್ಳುವ ಭಾಗ್ಯ ಯಾರಿಗೂ ಇರಲಿಲ್ಲ.

ಆ ಕಾಲದಲ್ಲಿ ಗುಡ್ಡದ ಬುಡದ ಊರಿನಲ್ಲಿ ಎಣ್ಣೆಗಾಣವನ್ನು ನಡೆಸುತ್ತಿದ್ದ ಕಲಿಸೆಟ್ಟಿಯೆಂಬ ಸಜ್ಜನನೂ ಅವನ ಧರ್ಮಪತ್ನಿಯಾದ ಸಿದ್ಧಾಂಬೆಯೂ ವಾಸವಾಗಿದ್ದರು. ಮನೆತುಂಬ ಎಣ್ಣೆಯಿದ್ದೂ ಸಿದ್ಧಾಂಬೆಯ ಬಾಣಂತಿಕೋಣೆಯ ದೀಪ ಮಾತ್ರ ಹತ್ತು ದಿನ ಪೂರ್ತಿ ಉರಿದದ್ದಿಲ್ಲ. ನಾಲ್ಕು ಹೆಣ್ಣುಮಕ್ಕಳನ್ನು ಹೆತ್ತಳು. ನಾಲ್ವರಿಗೂ ಹುಟ್ಟಿದ ದಿನವೇ ಚೆಂದದ ಹೆಸರನ್ನಾರಿಸಿ ಕಿವಿಯಲ್ಲಿ ಉಸುರಿದಳು. ನಾಲ್ವರೂ ಹತ್ತನೆಯ ದಿನವನ್ನು ಕಾಣದೆ ಹೋದರು, ಪ್ರತಿಸಲವೂ ತನ್ನ ಕೈಯಾರೆ ಬತ್ತಿಯನ್ನು ಆರಿಸಿ ಹಣತೆಯನ್ನು ಗೂಡಿನಲ್ಲಿ ಕವುಚಿಹಾಕಿದಳು. ಆ ಸಂಕಟವನ್ನು ವರ್ಣಿಸಲು ಸಂಸ್ಕೃತದಲ್ಲಿ ಬೇಕಾದಷ್ಟು ಸಮಾಸಗಳುಂಟು, ಆದರೆ ಬರೆಯಲು ಕೈ ಬರುವುದಿಲ್ಲ.

ಐದನೆಯದೂ ಹೆಣ್ಣೇ. ಆಗ ಸೂಲಗಿತ್ತಿ ಚಾಂದವ್ವ, ಆ ಸೀಮೆಯ ಅರ್ಧ ಜನರನ್ನು ಭೂಮಿಗಿಳಿಸಿದ ಮುದುಕಿ, ಕೂಸನ್ನು ತೊಳೆಯುತ್ತ ಅಂದಳು: "ಈ ಸಲ ಹೆಸರಿಡಬ್ಯಾಡ ತಾಯಿ. ಹೆಸರೇ ಇಲ್ಲಂದ್ರ ಯಮ ಯಾರಂತ ಕರದಾನು?" ಮಕ್ಕಳು ನಿಲ್ಲದ ಮನೆಯಲ್ಲಿ ಕೂಸಿಗೆ ತಿಪ್ಪೆಯದೋ ಕಲ್ಲಿನದೋ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುವುದು ಈ ಕಡೆ ಇಂದಿಗೂ ಇರುವ ರೂಢಿ. ಸಿದ್ಧಾಂಬೆ ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ಹೆಸರನ್ನೂ ಇಡಲಿಲ್ಲ. ಹನ್ನೊಂದನೆಯ ಬೆಳಗ್ಗೆ ಕಣ್ಣುಬಿಟ್ಟಾಗ ಕೂಸು ಮಿಸುಕಾಡುತ್ತಿತ್ತು, ಗೂಡಿನಲ್ಲಿ ಹರಳೆಣ್ಣೆಯ ದೀಪ ಇನ್ನೂ ಉರಿಯುತ್ತಿತ್ತು. ಆ ಕ್ಷಣ ಅವಳ ಮನಸ್ಸಿಗೆ ಒಂದು ಹೆಸರು ಬಂತು. ತುಟಿ ಕಚ್ಚಿಕೊಂಡು ಅದನ್ನು ಒಳಗೇ ಇಟ್ಟುಕೊಂಡಳು. ಗಂಡನಿಗೂ ಹೇಳಲಿಲ್ಲ, ದೇವರಿಗೂ ಹೇಳಲಿಲ್ಲ.

ಹೀಗೆ ಒಂಬತ್ತು ವರ್ಷ. ಮನೆಯಲ್ಲಿ "ಮಗಾ", ಹೊರಗೆ "ಏ ಇವಳೇ", ಅಷ್ಟರಲ್ಲೇ ಆ ಹುಡುಗಿಯ ಬಾಳು ಸಾಗಿತು. ಗಟ್ಟಿಮುಟ್ಟಾಗಿ ಬೆಳೆದಳು, ಓರಗೆಯ ಮಕ್ಕಳೊಡನೆ ಕರು ಮೇಯಿಸಲು ಗುಡ್ಡ ಹತ್ತುತ್ತಿದ್ದಳು. ಒಮ್ಮೆ ಮಾತ್ರ "ಎಲ್ಲಾರಿಗೂ ಹೆಸರೈತಿ, ನಂಗ್ಯಾಕಿಲ್ಲವ್ವ?" ಎಂದು ಕೇಳಿದಳು. ತಾಯಿ ಅವಳ ತಲೆಗೆ ಎಣ್ಣೆ ತಿಕ್ಕುತ್ತಿದ್ದವಳು, ಇನ್ನಷ್ಟು ಜೋರಾಗಿ ತಿಕ್ಕಿದಳು.

ಈ ಗುಡ್ಡದ ಮೇಲೆ ಮಕ್ಕಳಿಗೆ ಒಂದು ಕಟ್ಟಳೆಯಿತ್ತು. ವೈಶಾಖದ ಧೂಳಿಗಾಳಿ ಎದ್ದಾಗ ಹಗಲೇ ಕಣ್ಣು ಕಾಣದಂತಾಗುತ್ತದೆ. ಎಡಕ್ಕೂ ಬಲಕ್ಕೂ ಕಮರಿ. ಆದ್ದರಿಂದ ಇದ್ದಲ್ಲೇ ಕೂರಬೇಕು. ತಾಯಂದಿರು ಬುಡದಲ್ಲಿ ಕಮರಿಯ ಅಂಚಿನ ಬಂಡೆಯ ಮೇಲೆ ನಿಂತು ಹೆಸರು ಕೂಗುತ್ತಾರೆ, ತನ್ನ ಹೆಸರು ಕಿವಿಗೆ ಬಿದ್ದ ಮೇಲೆಯೇ ಎದ್ದು ದನಿಯ ಜಾಡು ಹಿಡಿದು ಇಳಿಯಬೇಕು. ಬರಿದೇ "ಮಗಾ" ಎಂಬ ಕರೆಗೆ ಏಳಕೂಡದು, ಏಕೆಂದರೆ ಕಮರಿಯ ಗಾಳಿ ಯಾವ ತಾಯಿಯ ದನಿಯನ್ನಾದರೂ ಅಣಕಿಸಬಲ್ಲದು, ಹೆಸರನ್ನು ಮಾತ್ರ ಅರಿಯದು ಎಂದು ಹಿರಿಯರು ಹೇಳಿಕೊಡುತ್ತಿದ್ದರು. ಇಬ್ಬರು ಮಕ್ಕಳು ಹಾಗೆ ಎದ್ದುಹೋಗಿ ಕಮರಿಗೆ ಬಿದ್ದದ್ದನ್ನು ಊರು ಕಂಡಿತ್ತು, ಅದಕ್ಕೇ ಯಾರೂ ಆ ಮಾತನ್ನು ಮೀರುತ್ತಿರಲಿಲ್ಲ. ಹೆಸರಿಲ್ಲದ ಆ ಹುಡುಗಿ ಮಾತ್ರ ಗಾಳಿ ಪೂರ್ತಿ ಅಡಗಿದ ಮೇಲೆ ಎಲ್ಲರಿಗಿಂತ ಕೊನೆಗೆ ಇಳಿದು ಬರುತ್ತಿದ್ದಳು.

ಅಂಥ ಒಂದು ವೈಶಾಖ ಬಹುಳ ಪಂಚಮಿಯ ಮಧ್ಯಾಹ್ನ, ಭೂಮ್ಯಾಕಾಶಗಳನ್ನು ಏಕೀಕರಿಸುವಂಥ ಕೆಂಧೂಳು ಎದ್ದು ಸೂರ್ಯಮಂಡಲವನ್ನು ನುಂಗಿತು. ಅದರ ಬೆನ್ನಿಗೇ ಉತ್ತರದಲ್ಲಿ ಗುಡುಗು ಕೇಳಿಸಿತು. ಮೇಲೆ ಮಳೆ ಹೊಯ್ದರೆ ಅರ್ಧ ತಾಸಿನಲ್ಲಿ ಕಮರಿ ತುಂಬಿ ಹರಿಯುತ್ತದೆಂಬುದು ಊರಿಗೆಲ್ಲ ಗೊತ್ತು. ತಾಯಂದಿರು ಬಂಡೆಯೇರಿ ಕೂಗಿದರು. ಚೌಡಿ ಬಂದಳು, ಮಾಳಿಂಗ ಬಂದ, ಬೊಮ್ಮಿ ಬಂದಳು. ಒಂದೊಂದೇ ಹೆಸರು ಮೇಲೆ ಹೋಗಿ ಒಂದೊಂದೇ ಮಗು ಕೆಳಗಿಳಿದು ತಾಯಿಯ ಸೆರಗು ಹಿಡಿಯಿತು. ಸಿದ್ಧಾಂಬೆ "ಮಗಾ, ಮಗಾ" ಎಂದು ಗಂಟಲು ಹರಿಯುವಂತೆ ಕೂಗಿದಳು. ಯಾರೂ ಬರಲಿಲ್ಲ.

ಆ ಹುಡುಗಿ ಕಮರಿಯೊಳಗೆ, ಹೆಸರಿಲ್ಲದ ಆ ಕಲ್ಲಿಗೆ ಆತು, ಕರುವಿನ ಕೊರಳು ತಬ್ಬಿ ಕುಳಿತಿದ್ದಳು. ಕರೆ ಕೇಳಿಸುತ್ತಿತ್ತು. ಅವ್ವನ ದನಿಯೇ. ಆದರೆ ಗಾಳಿಯೂ ಅವ್ವನ ದನಿ ತೆಗೆಯುತ್ತದಲ್ಲ? ಹೇಳಿದ ಮಾತು ಕೇಳುವ ಹುಡುಗಿ, ಕದಲಲಿಲ್ಲ.

ಬಂಡೆಯ ಮೇಲೆ ಕಲಿಸೆಟ್ಟಿ ಹೆಂಡತಿಯ ಮುಖ ನೋಡಿದ. ಅವಳ ಎದೆಯಲ್ಲಿ ಏನೋ ಇದೆಯೆಂದು ಒಂಬತ್ತು ವರ್ಷದಿಂದ ಅವನಿಗೆ ಗೊತ್ತಿತ್ತು.

"ಕರಿ. ಬಾಯಿಬಿಟ್ಟು ಕರಿ ಆಕಿನ್ನ."

"ಕರದ್ರ ಅವಗೂ ಕೇಳಸ್ತೈತಿ," ಎಂದಳು ಸಿದ್ಧಾಂಬೆ. ಅವನೆಂದರೆ ಯಾರೆಂದು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಕರೀದಿದ್ರ ಆಕಿಗೆ ಕೇಳಸಂಗಿಲ್ಲ."

ಸಾವಿನಿಂದ ಮಗಳನ್ನು ಬಚ್ಚಿಟ್ಟ ತಾಯಿ ತನ್ನಿಂದಲೂ ಬಚ್ಚಿಟ್ಟುಬಿಟ್ಟಿದ್ದಳು. ಅದು ಆಗ ಅವಳಿಗೆ ಅರಿವಾಯಿತು. ಬಂಡೆಯ ತುದಿಗೆ ನಡೆದು, ಒಂಬತ್ತು ವರ್ಷ ನುಂಗಿಕೊಂಡಿದ್ದುದನ್ನು ಕೂಗಿದಳು: "ಸೊಡರವ್ವಾ!"

ಸೊಡರು ಎಂದರೆ ದೀಪ. ಈಗ ಯಾವ ಮನೆಯಲ್ಲೂ ಯಾರೂ "ಸೊಡರು ಹಚ್ಚು" ಅನ್ನುವುದಿಲ್ಲ. ನಮ್ಮ ಅಜ್ಜಿಯರ ಕಾಲಕ್ಕೇ ಆ ಮಾತು ಮುಗಿಯಿತು. ಆದರೆ ಅಂದು ಅದು ದಿನಬಳಕೆಯ ಮಾತು, ಮತ್ತು ಯಾವ ಹೆಣ್ಣಿಗೂ ಇಟ್ಟಿರದ ಹೆಸರು.

ಎರಡು ಸಲ ಕೂಗಿದ್ದನ್ನು ಎದುರುಗಾಳಿ ಹೊತ್ತೊಯ್ದಿತು. ಮೂರನೆಯ ಸಲ, ಕಮರಿಯೊಳಗಿನ ಆ ಶಿಲೆಯು ಕಂಚಿನ ಗಂಟೆಯಂತೆ ಅನುರಣಿಸಿ ಅದೇ ನಾಮವನ್ನು ಹುಡುಗಿಯ ಬೆನ್ನ ಹಿಂದೆಯೇ ಉಚ್ಚರಿಸಿತು. ಅವಳು ತಲೆಯೆತ್ತಿದಳು. ಎಂದೂ ಕೇಳದ ಹೆಸರು. ಚೌಡಿಯದಲ್ಲ, ಮಾಳಿಂಗನದಲ್ಲ, ಬೊಮ್ಮಿಯದಲ್ಲ, ಅವರೆಲ್ಲ ಇಳಿದುಹೋಗಿದ್ದರು. ಗುಡ್ಡದ ಮೇಲೆ ಒಂದು ಹೆಸರು ಉಳಿದಿತ್ತು, ಒಬ್ಬ ಹುಡುಗಿ ಉಳಿದಿದ್ದಳು. ಹಾಗಾದರೆ ಅದು ತನ್ನದೇ ಎಂದುಕೊಂಡು, "ಓ" ಎಂದು ಓಗೊಟ್ಟು, ಕರುವಿನ ಹಗ್ಗ ಹಿಡಿದು ಎದ್ದಳು. ಅವಳು ಬಂಡೆ ಮುಟ್ಟುವ ಹೊತ್ತಿಗೆ ಹಿಂದೆ ಕಮರಿಯಲ್ಲಿ ಕೆಂಪುನೀರು ಮರದೆತ್ತರ ಹರಿಯುತ್ತಿತ್ತು.

ಮಗಳನ್ನಪ್ಪಿ ಹಿಡಿದಿದ್ದ ಸಿದ್ಧಾಂಬೆ, ಇನ್ನು ಯಾವ ಗಳಿಗೆಯಲ್ಲಿ ಯಮನು ಬಂದು ಕಿತ್ತುಕೊಳ್ಳುವನೋ ಎಂದು ಸುತ್ತ ನೋಡುತ್ತಿರಲು, ಪ್ರವಾಹಘೋಷವನ್ನೂ ಮೀರಿ ಅಶರೀರವಾಣಿಯು ಹೀಗೆಂದಿತು: "ಎಲೌ ಸಾಧ್ವಿ, ಭಯವನ್ನು ತ್ಯಜಿಸು. ಯುಗಯುಗಾಂತರಗಳಿಂದ ಈ ಕಮರಿಯಲ್ಲಿದ್ದೇನೆ. ನನ್ನನ್ನು ಹೆಸರು ಹಿಡಿದು ಕರೆದವರೊಬ್ಬರಿಲ್ಲ. ಇಂದು ನಿನ್ನ ಕರೆಗೆ ನಾವಿಬ್ಬರೂ ಓಗೊಟ್ಟೆವು. ಈ ನಾಮದಲ್ಲಿ ನನಗೂ ಪಾಲಿರಲಿ. ಇದನ್ನು ಧರಿಸಿದ ಹೆಣ್ಣನ್ನು ಯಾರೇ ಕರೆಯಲಿ, ಕಾಲನೇ ಕರೆಯಲಿ, ಮೊದಲು ಓಗೊಡುವವಳು ನಾನು."

ಲೋಕದಲ್ಲಿ ಮಕ್ಕಳಿಗೆ ದೇವಿಯ ಹೆಸರಿಡುತ್ತಾರೆ. ದೇವಿಯೇ ಮಗುವಿನ ಹೆಸರನ್ನು ಕೇಳಿ ಪಡೆದದ್ದು ಈ ಕ್ಷೇತ್ರದಲ್ಲಿ. ಸೊಡರವ್ವ ಎಂಬತ್ತು ದಾಟಿ ಬದುಕಿ, ಮೊಮ್ಮಕ್ಕಳಿಗೆ ತನ್ನ ಕೈಯಾರೆ ಹೆಸರಿಟ್ಟಳು. ಆಮೇಲೆ ಕೇಳಬೇಕೆ? ಸುತ್ತಲ ಹನ್ನೆರಡು ಊರುಗಳಲ್ಲಿ ಆ ಹೆಸರಿಲ್ಲದ ಮನೆಯಿರಲಿಲ್ಲ. ಗಾಣದ ಸೊಡರವ್ವ, ಕೆರೆಮೇಲಿನ ಸೊಡರವ್ವ, ಸಿಡುಕಿನ ಸೊಡರವ್ವ. ಬಾವಿಕಟ್ಟೆಯಲ್ಲಿ ಒಬ್ಬರು ಕರೆದರೆ ಐದು ಕೊಡ ಒಟ್ಟಿಗೆ ತಿರುಗುತ್ತಿದ್ದವು. ಎಂಥ ಕಾಲವದು! ಈಗ ಹೆಸರುಗಳೂ ಊರು ಬಿಟ್ಟಿವೆ. ಹಳೆಯ ಕಾಲದ ಹೆಸರು, ಶಾಲೆಯಲ್ಲಿ ನಗುತ್ತಾರೆ ಎಂದು ತಾಯಂದಿರು ಹಿಂಜರಿಯುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಆದರೂ ಬೇಸರವಾಗುತ್ತದೆ.

ಆ ತಾಯಿಗೆ ಮುಂದೆ ಕಟ್ಟಿದ ದೇಗುಲದ ಪಡುವಣಕ್ಕೆ ಕಾಣುವ, ನಡುವೆ ಸವೆದು ನುಣುಪಾದ ಹಾಸುಗಲ್ಲೇ ಸಿದ್ಧಾಂಬೆ ನಿಂತು ಕೂಗಿದ ಆ ಕರೆಬಂಡೆ. ವೈಶಾಖ ಬಹುಳ ಪಂಚಮಿಯಂದು ತಾಯಂದಿರು ಅದರ ಮೇಲೆ ನಿಂತು ತಮ್ಮ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕೂಗುತ್ತಾರೆ, ಮಕ್ಕಳು ಕಮರಿಯಿಂದ ಓಗೊಟ್ಟು ಬರುತ್ತಾರೆ. ಕೊನೆಯ ಹೆಸರಿನವಳು ಬಂದು ಮುಟ್ಟುವವರೆಗೆ ಯಾರೂ ಬಂಡೆಯಿಳಿಯುವಂತಿಲ್ಲ. ಕಳೆದ ವರ್ಷ ಸೊಡರವ್ವ ಎಂಬ ಹೆಸರಿನವರಲ್ಲಿ ಬಂದವಳು ಒಬ್ಬಳೇ, ಎಂಬತ್ತಮೂರು ವರ್ಷದ ಮುದುಕಿ. ಅವಳನ್ನು ಕರೆಯಬೇಕಾದ ತಾಯಿ ಹೋಗಿ ಅರವತ್ತು ವರ್ಷವಾಗಿತ್ತು. ಎಲ್ಲ ಮಕ್ಕಳೂ ಬಂದಾದ ಮೇಲೂ ಅವಳು ಕೆಳಗೆ ಕಮರಿಯಲ್ಲಿ ತಾಯಿಯ ಕಲ್ಲಿಗೆ ಒರಗಿ ನಿಂತೇ ಇದ್ದಳು. ಆಗ ಬಂಡೆಯ ಮೇಲಿದ್ದ ಹೆಂಗಸರೆಲ್ಲ, ಅವಳ ಮೊಮ್ಮಕ್ಕಳ ವಯಸ್ಸಿನವರೂ ಸೇರಿ, ಒಂದೇ ದನಿಯಲ್ಲಿ ಅವಳ ಹೆಸರು ಕೂಗಿದರು.

"ಓ," ಎಂದಳು ಮುದುಕಿ. "ಬಂದೆ ತಡೀರವ್ವ." ಅವಳು ಹತ್ತಿ ಬರುವವರೆಗೆ ಎಲ್ಲರೂ ನಿಂತಿದ್ದರು.