ದೊರೆಯ ಮೀಸೆ, ಹಂಪಯ್ಯನ ಬೋಳುತಲೆ

"ಗುಡ್ಡದ ಮೇಲಿನ ಮರವನ್ನೆಲ್ಲ ನಾಳೆಯೇ ಕಡಿದುಹಾಕಿ. ಸುಡಲು ಏನೂ ಇಲ್ಲದಿದ್ದರೆ ಬೆಂಕಿ ಬಂದು ಏನು ಮಾಡುತ್ತದೋ ನೋಡೋಣ," ಎಂದ ಕಣಿವೆದುರ್ಗದ ದೊರೆ ಕೆಂಚಪ್ಪ ನಾಯಕ.

ಹೋದ ವಾರವಷ್ಟೇ ಗುಡ್ಡದ ಒಂದು ಮಗ್ಗುಲು ಕಾಳ್ಗಿಚ್ಚಿಗೆ ಸುಟ್ಟು ಕರಕಲಾಗಿತ್ತು. ಮಂತ್ರಿಗಳು ಭೇಷ್ ಭೇಷ್ ಎಂದರು. ಆ ಆಸ್ಥಾನದಲ್ಲಿ ಅವರಿಗೆ ಇದ್ದದ್ದು ಅದೊಂದೇ ಕೆಲಸ.

ವಿದೂಷಕ ಹಂಪಯ್ಯ ಮಾತ್ರ ಭೇಷ್ ಎನ್ನಲಿಲ್ಲ. ಇಡೀ ಊರು ಕುಡಿಯುತ್ತಿದ್ದುದು ಆ ಗುಡ್ಡದ ಬುಡದ ಒರತೆಯ ನೀರನ್ನು. ಕಾಡು ಹೋದರೆ ಒರತೆಯೂ ಹೋದಂತೆಯೇ. ಬೇಡವೆಂದು ನೇರವಾಗಿ ಹೇಳಿದರೆ ದೊರೆಗೆ ಹಟ ಇನ್ನೂ ಹೆಚ್ಚುತ್ತಿತ್ತು.

ಮರುದಿನ, ಕೊಡಲಿಯವರು ಹೊರಡುವ ಮೊದಲೇ, ಅವನು ಒಂದು ಬಿಂದಿಗೆ ನೀರು ಹಿಡಿದು, ಕ್ಷೌರದ ನಿಂಗಣ್ಣನನ್ನೂ ಕರೆದುಕೊಂಡು ಆಸ್ಥಾನಕ್ಕೆ ಬಂದ.

"ಏನಯ್ಯ ಇದು?" ಎಂದ ನಾಯಕ.

"ಮೊನ್ನೆ ಆರತಿ ಎತ್ತುವಾಗ ತಮ್ಮ ಮೀಸೆಯ ತುದಿ ಸುಟ್ಟಿತಲ್ಲ, ದೊರೆಗಳೇ. ಇನ್ನೊಮ್ಮೆ ಸುಡದ ಹಾಗೆ ಪೂರ್ತಿ ಬೋಳಿಸಿಬಿಡೋಣ ಅಂತ. ಹುಬ್ಬನ್ನೂ ತೆಗೆಸುವುದು ಕ್ಷೇಮ."

ನಿಂಗಣ್ಣ ಕತ್ತಿ ಮಸೆದ.

ನಾಯಕ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ. "ಬುದ್ಧಿ ನೆಟ್ಟಗಿದೆಯೇನಯ್ಯ? ಒಣಗಿ ಕೆದರಿದ್ದನ್ನು ಕತ್ತರಿಸು, ಎಣ್ಣೆ ಹಚ್ಚು, ಆರತಿಯವಳಿಗೆ ದೂರ ನಿಲ್ಲು ಅನ್ನು. ಅಷ್ಟಕ್ಕೆಲ್ಲ ಮೀಸೆ ಬೋಳಿಸುತ್ತಾರೆಯೇ?"

"ಗುಡ್ಡಕ್ಕೂ ಅಷ್ಟೇ ಸಾಕಲ್ಲ, ದೊರೆಗಳೇ. ತರಗೆಲೆ ಗುಡಿಸಿ, ಒಣಹುಲ್ಲು ಸವರಿ, ಕಾಡಿನ ನಡುನಡುವೆ ಬರಿನೆಲದ ಪಟ್ಟಿ ಬಿಟ್ಟರೆ ಬೆಂಕಿ ದಾಟುವುದಿಲ್ಲ. ಒರತೆಯೂ ಉಳಿಯುತ್ತದೆ."

"ಒರತೆಗೂ ಮರಕ್ಕೂ ಏನು ಸಂಬಂಧ? ಬೋಳುಗುಡ್ಡದ ಮೇಲೆ ಮಳೆ ಬೀಳುವುದಿಲ್ಲವೇ?"

ಹಂಪಯ್ಯ ಪೇಟ ತೆಗೆದು, ಸಿಂಹಾಸನದ ಮುಂದೆ ಬಾಗಿ, ಬಿಂದಿಗೆಯನ್ನು ತನ್ನ ನುಣ್ಣನೆಯ ತಲೆಯ ಮೇಲೆ ಬೋರಲು ಹಾಕಿದ. ನೀರೆಲ್ಲ ದಬದಬ ದೊರೆಯ ಮಡಿಲಿಗೆ ಸುರಿಯಿತು. ಮಂತ್ರಿಗಳು ಅದಕ್ಕೂ ಭೇಷ್ ಎಂದರು.

ನಾಯಕ ಒದ್ದೆ ಧೋತರ ಹಿಂಡಿಕೊಳ್ಳುತ್ತ, "ತಲೆ ಒರೆಸಿಕೊಳ್ಳಯ್ಯ ಮೊದಲು," ಎಂದ.

"ಒರೆಸಲು ಏನಿದೆ, ದೊರೆಗಳೇ? ಬಿದ್ದದ್ದೆಲ್ಲ ತಮ್ಮ ಮಡಿಲಲ್ಲಿದೆ. ಇದು ಒಂದು ಬಿಂದಿಗೆ. ಬೋಳುಗುಡ್ಡದಿಂದ ಹೀಗೆ ಜಾರಿ ಇಳಿಯುವುದು ಇಡೀ ಮಳೆಗಾಲ; ಒರತೆಗೆ ಹನಿಯೂ ಇಂಗುವುದಿಲ್ಲ."

ನಾಯಕ ಮೀಸೆ ಕುಣಿಯುವ ಹಾಗೆ ನಕ್ಕು, ಕೊಡಲಿಯವರ ಕೈಗೆ ಪೊರಕೆ, ಕುಡುಗೋಲು ಕೊಡಿಸಿದ.

"ಸರಿ, ಆಗಲೇ ಸುಟ್ಟು ಬೋಳಾದ ಮಗ್ಗುಲಿಗೆ ಏನು ಮಾಡೋಣ?"

"ಬೇಗ ಸಸಿ ನೆಡಿಸಿ, ದೊರೆಗಳೇ," ಎಂದ ಹಂಪಯ್ಯ ಪೇಟ ಸುತ್ತಿಕೊಳ್ಳುತ್ತ. "ನನ್ನ ತಲೆಯ ಮೇಲೆ ಏನು ನೆಟ್ಟರೂ ಬರುವುದಿಲ್ಲ. ಗುಡ್ಡದ ಮೇಲೆ ಇನ್ನೂ ಬರುತ್ತದೆ."